ಕುತ್ತಿಗೆ ಯಾರ ಪಾಲು?

ಮಾರ್ಚ್ 4

ಯಾರದು? ತೆಗೆದೇಬಿಟ್ಟೆಯಾ ಪುಸ್ತಕ? ನಾಚಿಕೆ ಇಲ್ಲದ್ದು. ನಿನ್ನೆಯ ಹಾಳೆಯ ಮೂಲೆಯಲ್ಲಿ ಎಣ್ಣೆ ಬೆರಳಿನ ಗುರುತಿದೆ. ನನಗೆ ಮರೆವು ಬಂದಿರಬಹುದು, ಕಣ್ಣು ಹೋಗಿಲ್ಲ. ಇನ್ನೊಬ್ಬರದ್ದನ್ನು ಕದ್ದು ಓದುವ ಕೈಗೆ ಸ್ವಲ್ಪ ಸೋಪಾದರೂ ಬೇಡವೇ? ಮುಚ್ಚು. ಇದ್ದಲ್ಲೇ ಇಡು. ದಿಂಬಿನ ಎಡಗಡೆ. ಬಲಗಡೆ ಅಲ್ಲ.

ಓದಿದರೂ ಏನು ಸಿಗುತ್ತದೆ ಇದರಲ್ಲಿ, ಮಣ್ಣು. ತಲೆ ಡಾಕ್ಟರು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. "ದಿನಾ ನಡೆದದ್ದು ಬರೀರಿ ಅಜ್ಜಿ, ನೆನಪು ಗಟ್ಟಿಯಾಗುತ್ತೆ" ಅಂದರು. ಹಳ್ಳಿ ಶಾಲೆ ನಾಲ್ಕನೇ ಕ್ಲಾಸಿಗೇ ಬಿಡಿಸಿದರು. ಅವತ್ತಿನಿಂದ ಇಷ್ಟುದ್ದ ಬರೆದದ್ದು ಇದೇ ಮೊದಲು.

ಇವತ್ತು — ಎದ್ದೆ. ಸೊಂಟ ನೋವು. ಅಂಗಡಿ ತೆಗೆದೆ. ಎರಡು ಕೊಡೆಗೆ ಕಡ್ಡಿ ಹಾಕಿದೆ. ಮಧ್ಯಾಹ್ನ ಕೂತಲ್ಲೇ ನಿದ್ದೆ. ಕಣ್ಣು ಬಿಟ್ಟರೆ ಬ್ಯಾಂಕ್ ಮ್ಯಾನೇಜರು ಎದುರಿಗೆ. ಅವರ ಕೊಡೆ ಕಾಗದದಲ್ಲಿ ಸುತ್ತಿ ಕೊಟ್ಟು ಕಳಿಸಿದೆ.

ಅದೇ ದಿನ, ಸಂಜೆ

ಮ್ಯಾನೇಜರು ವಾಪಸ್ ಬಂದರು. ದಾರಿಯಲ್ಲಿ ಮಳೆ ಹನಿಯಿತಂತೆ, ಕಾಗದ ಬಿಚ್ಚಿದ್ದಾರೆ. ಗುಲಾಬಿ ಬಣ್ಣದ್ದು. ಅಂಚಿಗೆ ಜಾಲರಿ, ನೆತ್ತಿಗೆ ಎರಡು ಮೊಲದ ಕಿವಿ. ಯಾವುದೋ ಮಗುವಿನದ್ದು. ಅದನ್ನೇ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಿದರಂತೆ, ಪಾಪ.

ಅವರದ್ದು ಹುಡುಕಿದೆ, ಸಿಗಲಿಲ್ಲ; ಬರಿಗೈಲಿ ಹೋದರು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆ. "ವಯಸ್ಸಾಯ್ತಲ್ಲಮ್ಮ, ಇರಲಿ ಬಿಡಿ" ಅಂದರು. ಬೈಗುಳಕ್ಕಿಂತ ಕೆಟ್ಟದ್ದು ಅದು.

ಮಾರ್ಚ್ 7

ಹಿರಿಯ ಮಗ ಆಫೀಸಿನಿಂದ ಬಂದವನು ಶೂ ಬಿಚ್ಚುವ ಮೊದಲೇ ಶುರು ಮಾಡಿದ. ಕರೆಂಟ್ ಬಿಲ್ಲಿನ ಕೌಂಟರಿನಲ್ಲಿ ಕೂತು ಕೂತು ಅವನ ಬಾಯಲ್ಲಿ ಬರುವುದೆಲ್ಲ ಕೊನೆಯ ದಿನಾಂಕವೇ.

"ಅಮ್ಮ, ಮೊಬೈಲ್ ಕವರು ಮಾರೋನೊಬ್ಬ ಅಂಗಡಿ ಬಾಡಿಗೆಗೆ ಕೇಳ್ತಿದ್ದಾನೆ. ಜೂನ್ ಒಂದಕ್ಕೆ ಕೊಡ್ತೀನಿ ಅಂದಿದೀನಿ."

"ಯಾರನ್ನ ಕೇಳಿ ಅಂದೆ?"

"ನಿನ್ನ ಒಳ್ಳೇದಕ್ಕೇ ಕಣಮ್ಮ. ಆರಾಮಾಗಿ ಮನೇಲಿರು."

"ಮನೇಲಿ ಕೂತು ನಿನ್ನ ಮುಖ ನೋಡ್ಲಾ?"

ಅಡುಗೆಮನೆಯಲ್ಲಿ ಸೊಸೆ ನಕ್ಕಳು. ಗಂಡ ತಿರುಗಿ ನೋಡಿದ್ದಕ್ಕೆ ಕೆಮ್ಮಿದಳು.

ಆ ಕವರಿನವನು ಮೊನ್ನೆಯೇ ಬಂದಿದ್ದ, ಈಗ ಅರ್ಥವಾಯಿತು. ಹಸಿರು ಹಿಡಿಯ ಕೊಡೆ ರಿಪೇರಿಗೆ ಕೊಡುವ ನೆಪ. ಕಣ್ಣೆಲ್ಲ ಗೋಡೆಯ ಮೇಲೆ.

ನಮ್ಮ ಅಂಗಡಿಯಲ್ಲಿ ಕೊಡೆಗೆ ಹೆಸರಿನ ಚೀಟಿ ಕಟ್ಟುವ ಪದ್ಧತಿ ಇಲ್ಲ. ನನ್ನ ಯಜಮಾನರು ಶುರು ಮಾಡಿದ ದಿನದಿಂದಲೂ ಇಲ್ಲ. ಕೊಡೆ ನೋಡಬೇಕು, ತಂದವರ ಮುಖ ನೋಡಬೇಕು, ಎರಡನ್ನೂ ತಲೆಯೊಳಗೆ ಗಂಟು ಹಾಕಬೇಕು. ಜನ ಬರುವುದೇ ಅದಕ್ಕೆ. ಬಾಗಿಲಲ್ಲಿ ಮುಖ ಕಂಡರೆ ಸಾಕು, ಕೊಡೆ ಕೈಗೆ ಬರುತ್ತದೆ.

ಈಗ ಗಂಟು ನಿಲ್ಲುತ್ತಿಲ್ಲ. ಹಾಕಿದಷ್ಟೂ ಬಿಚ್ಚಿಕೊಳ್ಳುತ್ತದೆ. ಮುಖ ಬರುತ್ತದೆ, ಕೊಡೆ ಬರುವುದಿಲ್ಲ. ಹೆದರಿಕೆಯಾಗುತ್ತದೆ... ಯಾರಿಗೂ ಹೇಳಿಲ್ಲ. ಇಲ್ಲಿ ಬರೆದೆ, ಸಾಕು.

ಮಾರ್ಚ್ 11

ಕಿರಿಯ ಮಗನ ಸರದಿ. ತಲೆ ಡಾಕ್ಟರ ಹತ್ತಿರ ಹೋಗಿಬಂದೆವು. ಗಡಿಯಾರದ ಚಿತ್ರ ಬರೆಸಿದರು. ಬರೆದೆ. "ಚೆನ್ನಾಗಿದೆ" ಅಂದರು, ಮಾತ್ರೆ ಹೆಚ್ಚಿಸಿದರು. ಚೆನ್ನಾಗಿದ್ದರೆ ಮಾತ್ರೆ ಯಾಕೆ?

ಸರದಿ ಅಂದರೆ ಹೀಗೆ. ಅವರಪ್ಪ ಮಲಗಿದ್ದಾಗ ಆಸ್ಪತ್ರೆಯ ವರಾಂಡದಲ್ಲಿ ಮೂವರೂ ಮಕ್ಕಳು ಕಚ್ಚಾಡಿದ್ದರು. ಆ ಡಾಕ್ಟರು ಬೇಡ, ಈ ಡಾಕ್ಟರು ಬೇಡ. ನರ್ಸು ಬಂದು ಮೂವರನ್ನೂ ಹೊರಗೆ ಹಾಕಿದಳು. ಆಮೇಲೆ ನನ್ನ ಸರದಿ ಬಂದಾಗ ಬುದ್ಧಿವಂತರಾದರು — ಜಗಳವೇ ಬೇಡ ಎಂದು ನನ್ನನ್ನೇ ಪಾಲು ಮಾಡಿಕೊಂಡರು! ಮೂಳೆ ಹಿರಿಯನಿಗೆ. ಕಿಡ್ನಿಯ ಕಲ್ಲು ಮಗಳಿಗೆ. ತಲೆ ಕಿರಿಯನಿಗೆ. ಹೊಟ್ಟೆ ಸೊಸೆಗೆ, ಒಲೆ ಅವಳ ಕೈಯಲ್ಲಿದೆಯಲ್ಲ. ಒಬ್ಬರ ಪಾಲಿಗೆ ಒಬ್ಬರು ಮೂಗು ತೂರಿಸುವಂತಿಲ್ಲ. ಅವರವರ ಡಾಕ್ಟರು, ಅವರವರ ಫೈಲು, ಅವರವರ ಮನೆಯ ಬೀರು.

ನನ್ನನ್ನು ಒಟ್ಟಿಗೆ ನೋಡಿದವರು ಯಾರೂ ಇಲ್ಲ ಈಗ. ಕನ್ನಡಿ ಬಿಟ್ಟರೆ.

ಮಾರ್ಚ್ 18

ತಟ್ಟೆಯಲ್ಲಿ ಅರ್ಧ ಬಿಟ್ಟೆ. ಹೊಟ್ಟೆ ಕಲ್ಲಿನಂತಾಗಿದೆ, ಬಚ್ಚಲಿಗೆ ಹೋದರೆ ಹೋದ ಕೆಲಸ ಆಗುವುದಿಲ್ಲ. ಸೊಸೆಯ ಮುಖ ಸಣ್ಣದಾಯಿತು. "ರುಚಿ ಇಲ್ವಾ ಅತ್ತೆ?" ಅಂದಳು. ಇದೆ ಕಣೇ. ನಾಲಿಗೆಗಿಲ್ಲ.

ರಾತ್ರಿ ಹಾಲಿನ ಲೋಟ ತಂದಿಟ್ಟಳು. ಮೂಳೆ ಡಾಕ್ಟರ ಅಪ್ಪಣೆ: ಹಾಲು ಕುಡಿ, ಜೊತೆಗೆ ಕ್ಯಾಲ್ಸಿಯಂ ಮಾತ್ರೆ ನುಂಗು, ಮೂಳೆ ಸವೆದಿದೆ. ಕಲ್ಲು ಡಾಕ್ಟರ ಅಪ್ಪಣೆ: ಹಾಲು ಬಿಡು, ಕಲ್ಲು ಕಟ್ಟುತ್ತದೆ. ನನಗೆ ತಲೆ ಕೆಟ್ಟಿದೆಯೋ ಹಾಲಿಗೆ ಕೆಟ್ಟಿದೆಯೋ. ಲೋಟ ನೋಡುತ್ತಾ ಕೂತೆ. ಕೆನೆ ಕಟ್ಟಿತು. ಬೆಕ್ಕು ಕುಡಿಯಿತು. ಅದಕ್ಕೆ ಡಾಕ್ಟರಿಲ್ಲ, ಅದೃಷ್ಟ.

ಮಾರ್ಚ್ 20

ಅಂಗಡಿಯಲ್ಲಿ ತೂಗುಹಾಕಿದ ಕೊಡೆಗಳ ಹಿಡಿಗೆಲ್ಲ ದಾರ! ಕೆಂಪು, ನೀಲಿ, ಹಳದಿ. ಸೊಸೆಯ ಕೆಲಸ. ಮಧ್ಯಾಹ್ನ ನನಗೆ ಊಟ ತಂದು ಸ್ವಲ್ಪ ಹೊತ್ತು ಕೂರುತ್ತಾಳೆ, ಆಗಲೇ ಕಟ್ಟಿರಬೇಕು.

"ಏನೇ ಇದು?"

"ಗುರುತಿಗೆ ಅತ್ತೆ. ಕೆಂಪು ಅಂದ್ರೆ ಬೆಳಿಗ್ಗೆ ಬಂದೋರದ್ದು, ನೀಲಿ..."

"ನನ್ನ ಅಂಗಡೀಲಿ ಕೊಡೆಗೆ ಕುಣಿಕೆ ಹಾಕ್ತೀಯಾ?"

ಕತ್ತರಿ ತೆಗೆದು ಒಂದೊಂದೇ ಕತ್ತರಿಸಿದೆ. ಅವಳು ನೆಲದ ಮೇಲಿನ ದಾರದ ತುಂಡು ಆರಿಸಿಕೊಂಡು ಹೋದಳು.

ಮಾರ್ಚ್ 23

ಇವತ್ತಿನದ್ದು ಸರಿಯಾಗಿ ಬರೆಯಬೇಕು.

ಮಗಳ ಜೊತೆ ಕಲ್ಲು ಡಾಕ್ಟರ ಹತ್ತಿರ. ಅವಳು ಶಾಲೆಯ ಟೀಚರು. ಅಲ್ಲಿಯೂ ನನ್ನ ಬದಲು ಅವಳೇ ಪಾಠ ಒಪ್ಪಿಸುತ್ತಿದ್ದಳು. ನಾನು ನಡುವೆ ಬಾಯಿ ಹಾಕಿದೆ.

"ಡಾಕ್ಟ್ರೇ, ಒಂದು ತೀರ್ಮಾನ ಮಾಡಿ. ಹಾಲು ಕುಡೀಲೋ ಬಿಡ್ಲೋ?"

"ಬಿಡಿ ಅಂದಿದ್ನಲ್ಲಮ್ಮ."

"ಮೂಳೆ ಡಾಕ್ಟ್ರು ಕುಡಿ ಅಂತಾರೆ. ಕ್ಯಾಲ್ಸಿಯಂ ಮಾತ್ರೆ ಬೇರೆ ಕೊಟ್ಟಿದ್ದಾರೆ. ನೀವಿಬ್ರೂ ಒಂದ್ಸಲ ಫೋನ್ ಮಾಡ್ಕೊಂಡು ಜಗಳ ಆಡಿ ಮುಗಿಸ್ಬಾರ್ದಾ?"

ಪೆನ್ನು ನಿಂತಿತು. "ಮೂಳೆ ಸವೆದಿದ್ಯಾ? ಯಾವಾಗಿಂದ?"

ಮಗಳನ್ನು ನೋಡಿದರು. ಅವಳು, "ಮೂಳೆ ನಮ್ಮಣ್ಣನ ಡಿಪಾರ್ಟ್‌ಮೆಂಟ್ ಸರ್, ನನಗೆ ಗೊತ್ತಿಲ್ಲ" ಅಂದಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮ ಒಬ್ರೇ ತಾನೇ?"

ಮಗಳ ಕಿವಿ ಕೆಂಪಾಯಿತು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಮಾರ್ಚ್ 26

ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಇದೆಯಂತೆ. ಮೂಳೆಯಲ್ಲಿ ಇಲ್ಲ, ರಕ್ತದಲ್ಲಿ ಇದೆ. ಮಾತ್ರೆ ನಿಲ್ಲಿಸಿ, ನೀರು ಚೆನ್ನಾಗಿ ಕುಡಿಯಿರಿ ಅಂದರು ಕಲ್ಲು ಡಾಕ್ಟರು. "ಇದು ನನ್ನ ಕೆಲಸ ಅಲ್ಲ ಅಮ್ಮ. ಎಂಡೋಕ್ರೈನಾಲಜಿಸ್ಟ್ ನೋಡ್ಬೇಕು."

ಹೆಸರು ಚೀಟಿ ನೋಡಿಕೊಂಡು ಬರೆದಿದ್ದೇನೆ. ಒಂದೇ ಉಸಿರಿಗೆ ಹೇಳಲಾಗುವುದಿಲ್ಲ. ನಡುವೆ ಒಂದು ಕಡೆ ಕೂತು ಸುಧಾರಿಸಿಕೊಳ್ಳಬೇಕು.

ಮಾರ್ಚ್ 28

ಆ ಡಾಕ್ಟರು ಏನು ನೋಡುತ್ತಾರೆ ಎಂದು ಎಲ್ಲರನ್ನೂ ಕೇಳಿದೆ.

ಹಿರಿಯ: "ಶುಗರ್ ಡಾಕ್ಟ್ರು." ನನಗೆ ಶುಗರ್ ಇಲ್ಲ.

ಮಗಳು: "ಥೈರಾಯ್ಡ್ ಡಾಕ್ಟ್ರು ಕಣಮ್ಮ." ಅದನ್ನೂ ನೋಡಿದ್ದಾರೆ, ಸರಿಯಾಗಿದೆ.

ಮೆಡಿಕಲ್ ಶಾಪಿನವನು: "ಹಾರ್ಮೋನು ಡಾಕ್ಟ್ರಜ್ಜಿ. ಮಕ್ಕಳಾಗದೋರೂ ಹೋಗ್ತಾರೆ."

"ಆಗಿರೋದೇ ಸಾಕು ಬಿಡಪ್ಪ" ಅಂದೆ.

ಕಿರಿಯನ ಜೆರಾಕ್ಸ್ ಅಂಗಡಿಗೆ ಫೋನು ಮಾಡಿದೆ. ಯಾರು ಕರೆದುಕೊಂಡು ಹೋಗುತ್ತೀರಿ ಎಂದು ಕೇಳಿದ್ದಷ್ಟೇ. ಶುರುವಾಯಿತು ನೋಡು. ಅವನು ಅಕ್ಕನಿಗೆ ಹೇಳು ಅಂದ, ರಕ್ತ ಪರೀಕ್ಷೆ ಮಾಡಿಸಿದ್ದು ಅವಳು ತಾನೇ. ಅಕ್ಕ ಅಣ್ಣನಿಗೆ ಹೇಳು ಅಂದಳು, ಕ್ಯಾಲ್ಸಿಯಂ ಅಂದರೆ ಮೂಳೆ ತಾನೇ. ಹಿರಿಯ, "ಅದೇನೋ ಕುತ್ತಿಗೇಲಿರೋ ಗ್ರಂಥಿ ಅಂತೆ. ಕುತ್ತಿಗೆ ನಂಗೆ ಬಂದಿಲ್ಲ" ಅಂದ.

ಕುತ್ತಿಗೆ ಯಾರ ಪಾಲಿಗೂ ಬಂದಿಲ್ಲ! ತಲೆಗೂ ಮೈಗೂ ನಡುವೆ ಅಷ್ಟು ಜಾಗ ಇತ್ತು, ಹಂಚುವಾಗ ಯಾರ ಕಣ್ಣಿಗೂ ಬೀಳಲಿಲ್ಲ.

ಸರಿ. ಕುತ್ತಿಗೆ ನನ್ನ ಪಾಲು.

ಏಪ್ರಿಲ್ 2

ದೊಡ್ಡ ಆಸ್ಪತ್ರೆಗೆ ಫೋನು ಮಾಡಿದೆ. ಆ ಡಾಕ್ಟರು ಇದ್ದಾರೆ, ಜುಲೈನಲ್ಲಿ ಬನ್ನಿ ಅಂತೆ. ಜುಲೈಗೆ ನನ್ನ ಅಂಗಡಿಯಲ್ಲಿ ಮೊಬೈಲ್ ಕವರು ನೇತಾಡುತ್ತಿರುತ್ತದೆ.

ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: "ಎಂಡೋಕ್ರೈನಾಲಜಿಸ್ಟ್ ಬೇಕಾಗಿದ್ದಾರೆ. ಗೊತ್ತಿದ್ದವರು ಒಳಗೆ ಬನ್ನಿ." ಕೊಡೆಗಳ ನಡುವೆ ತೂಗುಹಾಕಿದೆ.

ಹಿರಿಯ ನೋಡಿ ತಲೆ ಚಚ್ಚಿಕೊಂಡ. "ಅಮ್ಮ, ಡಾಕ್ಟ್ರೇನು ಕೆಲಸಕ್ಕೆ ಬೇಕಾಗಿರೋ ಹುಡುಗನಾ?"

"ನಿನ್ನ ಪಾಲಿನದ್ದಲ್ಲ. ಸುಮ್ನಿರು."

ಏಪ್ರಿಲ್ 7

ಏನು ಜನ! ಮಳೆ ಇಲ್ಲ, ಕೊಡೆ ಇಲ್ಲ, ರಟ್ಟು ಓದಿ ಒಳಗೆ ಬರುತ್ತಾರೆ. ಸ್ಟೂಲು ಎಳೆದುಕೊಂಡು ಕೂತು ಕಾಯಿಲೆ ಬಿಚ್ಚುತ್ತಾರೆ.

ಸಂಗೀತದ ಮೇಷ್ಟ್ರು ಕಾಲರು ಸರಿಸಿ ತೋರಿಸಿದರು — ಥೈರಾಯ್ಡ್ ಊದಿತ್ತಂತೆ, ಈಗ ಬೆಳಿಗ್ಗೆ ಒಂದು ಮಾತ್ರೆ, ಹಾಡುತ್ತಿದ್ದಾರೆ. ಬ್ರೆಡ್ ಅಂಗಡಿಯವಳ ಅಣ್ಣನಿಗೆ ಶುಗರ್, ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಾನೆ. ಕಟ್ಟಿಗೆ ಡಿಪೋದವನಿಗೆ ಕೈಕಾಲು, ದವಡೆ ಬೆಳೆಯುತ್ತಲೇ ಇದ್ದವಂತೆ, ತಲೆಯೊಳಗೆ ಬಟಾಣಿಯಷ್ಟು ಗ್ರಂಥಿ ಕೆಟ್ಟು. ಒಬ್ಬಳ ಮಗಳು ಬೆಳೆಯುವುದೇ ನಿಂತಿತ್ತು. ಒಬ್ಬಳಿಗೆ ಗಡ್ಡ ಬಂದಿತ್ತು. ಒಬ್ಬಳಿಗೆ ಕಿಡ್ನಿಯ ಮೇಲಿನ ಟೋಪಿಯಂಥ ಗ್ರಂಥಿ ಹದ ತಪ್ಪಿ, ಅವಳು ನಿಂತಲ್ಲೇ ಬೀಳುತ್ತಿದ್ದಳು.

ಒಬ್ಬರ ಹಾಗೆ ಒಬ್ಬರ ಕಾಯಿಲೆ ಇಲ್ಲ. ಎಲ್ಲರೂ ಹೋಗುವುದು ಅದೇ ಥರದ ಡಾಕ್ಟರ ಹತ್ತಿರ. ಮೂಳೆ ಡಾಕ್ಟರು ಮೂಳೆಯನ್ನು ನೋಡುತ್ತಾರೆ, ಕಣ್ಣು ಡಾಕ್ಟರು ಕಣ್ಣನ್ನು. ಇವರು ನೋಡುವುದು ಅಲ್ಲಲ್ಲಿ ಅಡಗಿ ಕೂತು ಊರಿಗೆಲ್ಲ ಆರ್ಡರ್ ಹೊರಡಿಸುವ ಸಣ್ಣ ಸಣ್ಣ ಗ್ರಂಥಿಗಳನ್ನು. ಅರ್ಥವಾಯಿತು. ಮನೆಯಲ್ಲಿ ಅತ್ತೆ ಇದ್ದ ಹಾಗೆ.

ಸೊಸೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದಳು: "ಜೂನ್ ಒಳಗೆ ಯಾರು ಸಿಗ್ತಾರೆ?" ಮೇಷ್ಟ್ರು ಹೇಳಿದರು — ಬೇರೆ ಊರಿನಿಂದ ಒಬ್ಬ ಡಾಕ್ಟರಮ್ಮ ಎರಡು ವಾರಕ್ಕೊಂದು ಶನಿವಾರ ಬರುತ್ತಾರೆ, ಕನ್ನಡಕದ ಅಂಗಡಿಯ ಮೇಲಿನ ಕೋಣೆ. ಸೊಸೆ ಆಗಲೇ ಫೋನು ತೆಗೆದಿದ್ದಳು.

ಏಪ್ರಿಲ್ 12

ನಾನು, ಸೊಸೆ. ಕಿರಿದಾದ ಮೆಟ್ಟಿಲು, ಎರಡು ಸಲ ನಿಂತೆ. ಡಾಕ್ಟರಮ್ಮ ನೋಡಲು ಕಾಲೇಜು ಹುಡುಗಿ ಥರ. ಇವಳೇನು ನೋಡುತ್ತಾಳೆ ಅಂದುಕೊಂಡೆ.

"ಹೇಳಿ ಅಜ್ಜಿ, ಏನು ತೊಂದರೆ?"

"ಯಾವ ಪಾಲಿನದ್ದು ಹೇಳ್ಲಿ?"

"ಎಲ್ಲಾ ಹೇಳಿ. ನೆತ್ತಿಯಿಂದ ಕಾಲಿನವರೆಗೆ."

ಯಾರೂ ಹೀಗೆ ಕೇಳಿರಲಿಲ್ಲ. ಸೊಂಟ ಹೇಳಿದೆ. ಕಲ್ಲು ಹೇಳಿದೆ. ಬಚ್ಚಲು ಹೇಳಿದೆ. ಸುಸ್ತು, ಸುಮ್ಮನೆ ಅಳು ಬರುವುದು, ಮೊಲದ ಕಿವಿಯ ಕೊಡೆ — ಎಲ್ಲ. ಬಾಯಿ ಒಣಗಿತು. ಅವರೇ ನೀರು ಬಗ್ಗಿಸಿ ಕೊಟ್ಟರು. ನಡುವೆ ಒಂದು ಸಲವೂ ಗಡಿಯಾರ ನೋಡಲಿಲ್ಲ.

"ವಯಸ್ಸಾಯ್ತು ಅಂತ ಎಲ್ರೂ ಹೇಳ್ತಾರೆ" ಅಂದೆ.

"ವಯಸ್ಸಾಗಿದೆ ಅಜ್ಜಿ. ಆದ್ರೆ ವಯಸ್ಸು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಲ್ಲ."

ಈ ಮಾತಿಗೆ ಅವರ ಕೈ ಹಿಡಿದುಕೊಳ್ಳಬೇಕು ಅನಿಸಿತು. ಹಿಡಿದುಕೊಳ್ಳಲಿಲ್ಲ. ಇನ್ನೂ ಪರೀಕ್ಷೆ ಇದೆಯಂತೆ. ಮತ್ತೆ ರಕ್ತ. ಒಂದು ಹಗಲು ಒಂದು ರಾತ್ರಿಯ ಮೂತ್ರವೆಲ್ಲ ಕ್ಯಾನಿನಲ್ಲಿ ತುಂಬಿ ಕೊಡಬೇಕು! ಮುಂದಿನ ಸಲ ಮೂವರು ಮಕ್ಕಳೂ ಬರಬೇಕು ಅಂದರು. "ಒಬ್ರೂ ತಪ್ಪಿಸ್ಕೊಳ್ಳೋ ಹಾಗಿಲ್ಲ."

ಏಪ್ರಿಲ್ 15

ಕ್ಯಾನು ಹೊತ್ತುಕೊಂಡು ಹಿರಿಯ ಲ್ಯಾಬಿಗೆ ಹೋದ. ದಾರಿಯಲ್ಲಿ ಅವನ ಆಫೀಸಿನವರು ಸಿಕ್ಕಿ "ಏನ್ ಸಾರ್, ಎಣ್ಣೆನಾ?" ಅಂದರಂತೆ. ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಲ್ಲು ನೋಯಿತು. ಆದರೂ ನಕ್ಕೆ.

ಏಪ್ರಿಲ್ 26

ಮೂವರೂ ಬಂದರು. ಒಂದೇ ಬೆಂಚಿನಲ್ಲಿ ಕೂತರು, ನಡುವೆ ಒಬ್ಬೊಬ್ಬರ ಬ್ಯಾಗು ಇಟ್ಟುಕೊಂಡು.

ಡಾಕ್ಟರಮ್ಮ ಹಾಳೆಯ ಮೇಲೆ ಚಿಟ್ಟೆ ಬರೆದರು. "ಇದು ಥೈರಾಯ್ಡ್, ಕುತ್ತಿಗೆಯ ಮುಂದೆ ಇರುತ್ತೆ. ಇದರ ಬೆನ್ನಿಗೆ ಅಕ್ಕಿಕಾಳಿನಷ್ಟು ನಾಲ್ಕು ಗ್ರಂಥಿ. ಪ್ಯಾರಾಥೈರಾಯ್ಡ್. ಹೆಸರು ಹತ್ತಿರ, ಕೆಲಸ ಬೇರೆ. ರಕ್ತದಲ್ಲಿ ಕ್ಯಾಲ್ಸಿಯಂ ಕಾಯೋದು ಇವುಗಳ ಡ್ಯೂಟಿ. ಅಜ್ಜಿಗೆ ಬಹುಶಃ ಒಂದು ಕಾಳು ಊದಿದೆ. ಅದು ಅತಿಯಾಗಿ ಹಾರ್ಮೋನು ಸುರೀತಿದೆ." ಮೂವರನ್ನೂ ನೋಡಿದರು. "ಈಗ ನೀವು ಹೇಳಿ. ಮೂಳೆ ಯಾಕೆ ಸವೀತು?"

ಹಿರಿಯ ಗಂಟಲು ಸರಿಮಾಡಿಕೊಂಡ. "ಅಲ್ಲಿಂದ ಕ್ಯಾಲ್ಸಿಯಂ ಎಳೀತಿದೆ..."

"ಎಳೆದದ್ದು ಎಲ್ಲಿಗೆ ಹೋಗುತ್ತೆ?"

"ಕಿಡ್ನಿಗೆ" ಅಂದಳು ಮಗಳು. "ಕಲ್ಲಾಗಿ."

ಕಿರಿಯ ಮೆಲ್ಲಗೆ, "ಮರೆವೂ ಅದರಿಂದಾನಾ ಡಾಕ್ಟ್ರೇ?"

"ಕ್ಯಾಲ್ಸಿಯಂ ಏರಿದ್ರೆ ತಲೆಗೆ ಮಂಜು ಕವಿದ ಹಾಗಾಗುತ್ತೆ. ಹೊಟ್ಟೆನೂ ನಿಧಾನ. ಎಲ್ಲ ಮರೆವೂ ಹೋಗುತ್ತೆ ಅಂತ ಮಾತು ಕೊಡಲ್ಲ. ಆದ್ರೆ ಮಂಜು ಸರಿಯೋದನ್ನ ಬಹಳ ಸಲ ನೋಡಿದೀನಿ."

ಹೊಟ್ಟೆ ಅಂದಾಗ ಬಾಗಿಲ ಬಳಿ ನಿಂತ ಸೊಸೆಯ ಮುಖ ಅರಳಿತು. ಅಡುಗೆಯದ್ದಲ್ಲ ತಪ್ಪು.

"ಕಳ್ಳ ಒಬ್ನೇ" ಅಂದರು ಡಾಕ್ಟರಮ್ಮ. "ನೀವು ನಾಲ್ಕು ಬಾಗಿಲಲ್ಲಿ ನಾಲ್ಕು ದೂರು ಕೊಟ್ಟಿದ್ದೀರಿ."

ಹಿರಿಯ ನಡುವಿನ ಬ್ಯಾಗು ಎತ್ತಿ ನೆಲಕ್ಕಿಟ್ಟ. ತಂಗಿ ಸ್ವಲ್ಪ ಹತ್ತಿರ ಸರಿದಳು.

"ಎಲ್ಲ ಸರಿ" ಅಂದೆ. "ಹಾಲು?"

"ಒಂದು ಲೋಟ ಕುಡೀರಿ ಅಜ್ಜಿ. ಮಾತ್ರೆ ಮಾತ್ರ ಸದ್ಯಕ್ಕೆ ಬೇಡ."

ಬೆಕ್ಕಿಗೆ ಇನ್ನು ಕಷ್ಟಕಾಲ.

ಏಪ್ರಿಲ್ 27

ಅಂಗಡಿ. ಒಂದು ಹಳೇ ಕೊಡೆ ಬಂತು. ಯಾರೋ ಒಂದೊಂದು ಕಡ್ಡಿಯನ್ನೂ ಬಿಗಿದು ಹೊಲಿದಿದ್ದಾರೆ, ಆದರೂ ಸೊಟ್ಟ. ಬಟ್ಟೆ ಸರಿಸಿ ನೋಡಿದೆ. ಕಡ್ಡಿಗಳೆಲ್ಲ ಸೇರುವ ನೆತ್ತಿಯಲ್ಲಿ ಒಂದು ಸಣ್ಣ ತಂತಿ ಕಟ್ಟಿರುತ್ತದೆ, ಅದು ಸಡಿಲ. ಅದೊಂದು ಬಿಗಿದೆ. ಕೊಡೆ ನೆಟ್ಟಗಾಯಿತು.

ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡು ಅಂಗಡಿಯೊಳಗೇ ಸ್ವಲ್ಪ ಹೊತ್ತು ಕೂತಿದ್ದೆ. ಹುಚ್ಚಿ ಅಂದುಕೊಂಡರೆ ಅಂದುಕೊಳ್ಳಲಿ.

ಮೇ 10

ಸ್ಕ್ಯಾನಿನಲ್ಲಿ ಕಳ್ಳ ಸಿಕ್ಕಿಬಿದ್ದ. ಎಡಗಡೆ, ಕೆಳಗಿನದು. ತೆಗೆಯುವುದು ಡಾಕ್ಟರಮ್ಮ ಅಲ್ಲ, ಅವರು ಕಂಡುಹಿಡಿಯುವವರು. ಕೊಯ್ಯುವವರು ಬೇರೆ. ಅವರ ಹತ್ತಿರವೂ ಎಲ್ಲರೂ ಒಟ್ಟಿಗೆ ಹೋದೆವು — ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ.

ಸರ್ಜನ್ನರು ನೇರ ಮನುಷ್ಯ. "ಸಣ್ಣ ಆಪರೇಷನ್. ಒಂದು ವಿಷಯ ಮಾತ್ರ ಹೇಳ್ಬೇಕು. ದನಿಯ ನರ ಪಕ್ಕದಲ್ಲೇ ಹೋಗುತ್ತೆ. ಅಪರೂಪಕ್ಕೆ ದನಿ ಒಡೀಬಹುದು."

"ಅಂದ್ರೆ ಮಾತು ಹೋಗುತ್ತಾ?"

"ಅಪರೂಪಕ್ಕೆ."

ಮಕ್ಕಳು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆಸೆ ಇಟ್ಕೋಬೇಡಿ" ಅಂದೆ. ಸರ್ಜನ್ನರು ಪೆನ್ನು ಬೀಳಿಸಿಕೊಂಡು ನಕ್ಕರು.

ಮೇ 18

ನಾಳೆ. ಸೊಸೆಗೆ ಬೀಗದ ಕೈ ಕೊಟ್ಟೆ. ಕಡ್ಡಿ ಹಾಕುವುದು, ತಂತಿ ಬಿಗಿಯುವುದು ತೋರಿಸಿದ್ದೇನೆ, ಕೈ ಚುರುಕು.

ತಮಾಷೆ ಮಾಡಿದೆನೇ ಹೊರತು... ದನಿ ಹೋದರೆ? ನನ್ನ ಹತ್ತಿರ ಇನ್ನೇನಿದೆ. ಅಂಗಡಿಯ ಗೋಡೆಗೆ ಕೇಳುವಂತೆ ಒಮ್ಮೆ ಎಲ್ಲರ ಹೆಸರು ಹಿಡಿದು ಬೈದು ಬಂದೆ. ಇರಲಿ ಅಂತ.

ಮೇ 21, ಆಸ್ಪತ್ರೆ

ಇದೆ! ದನಿ ಇದೆ!

ಮೊನ್ನೆ ಕಣ್ಣು ಬಿಟ್ಟಾಗ ನರ್ಸು, "ಅಜ್ಜಿ, ಏನಾದ್ರೂ ಮಾತಾಡಿ" ಅಂದಳು. ಬಾಗಿಲಲ್ಲಿ ಹಿರಿಯ. ಅವನ ಬೆನ್ನಿಗೆ ಅಂಟಿಕೊಂಡು ಉಳಿದಿಬ್ಬರು. ಮೂವರ ಮುಖವೂ ಚಿಕ್ಕವರಿದ್ದಾಗ ಏನಾದರೂ ಒಡೆದುಹಾಕಿ ನಿಂತಾಗಿನ ಹಾಗೆ.

ಬಾಯಿ ತೆರೆದೆ. ಗೊರಗೊರ ಬಂತು. ಆದರೂ ಬಂತು. "ಬಾಗಿಲಿಗೆ ಅಡ್ಡ ಯಾಕೋ ನಿಂತಿದ್ದೀರಿ ಮೂರು ಜನ? ಗಾಳಿ ಬರ್ಲಿ."

ಹಿರಿಯ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡ. ಕಿರಿಯ ಜೋರಾಗಿ ನಕ್ಕ. ನರ್ಸು ಹೊರಗೆ ಹೋಗಿ ಎಲ್ಲರಿಗೂ ಹೇಳಿಕೊಂಡು ಬಂದಳು.

ತುಟಿ, ಬೆರಳ ತುದಿ ಜುಮ್ ಅನ್ನುತ್ತಿವೆ. ಈಗ ಕ್ಯಾಲ್ಸಿಯಂ ಮಾತ್ರೆ ಅವರೇ ತಿನ್ನಿಸುತ್ತಿದ್ದಾರೆ! ಡಾಕ್ಟರಮ್ಮ ಫೋನಿನಲ್ಲಿ, "ಮೂಳೆ ಹಸಿದಿದ್ದಾವೆ ಅಜ್ಜಿ. ಇಷ್ಟು ದಿನ ಕೊಟ್ಟಿದ್ದನ್ನ ವಾಪಸ್ ಕೇಳ್ತಿದ್ದಾವೆ. ಸ್ವಲ್ಪ ದಿನ ಅಷ್ಟೇ" ಅಂದರು. ಕೇಳಲಿ. ತಿನ್ನಲಿ.

ಮೇ 27

ಮನೆ. ಬೆಳಿಗ್ಗೆ ತಟ್ಟೆ ಖಾಲಿ ಮಾಡಿದೆ. ಸೊಸೆ ಖಾಲಿ ತಟ್ಟೆಯನ್ನೇ ನೋಡುತ್ತಾ ನಿಂತಳು. ಬಚ್ಚಲಿನ ಸಮಾಚಾರವೂ ಶುಭ.

ಕಿಟಕಿಯ ಹತ್ತಿರ ಕೂತಿದ್ದೆ. ಏನನ್ನೂ ಯೋಚಿಸುತ್ತಿರಲಿಲ್ಲ. ತಾನಾಗಿಯೇ ಬಂತು — ಮೊಲದ ಕಿವಿಯ ಕೊಡೆ ಬ್ರೆಡ್ ಅಂಗಡಿಯವಳ ಮಗಳದ್ದು. ಮುಂದಿನ ಹಲ್ಲು ಬಿದ್ದಿತ್ತು ಹುಡುಗಿಗೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡಿತ್ತು. ಮುಖ, ಕೊಡೆ, ಗಂಟು. ಹಾಗೇ ಇದೆ!

ಕೂಗಿದೆ. ಸೊಸೆ ಹೆದರಿ ಓಡಿಬಂದಳು. "ಏನಾಯ್ತು ಅತ್ತೆ?"

"ಮೊಲ!" ಅಂದೆ.

ಮೇ 31

ಹಿರಿಯನನ್ನು ಕೇಳಿದೆ, ಕವರಿನವನಿಗೆ ಬೇಡ ಅಂದೆಯಾ ಎಂದು. ಮಾತು ಕೊಟ್ಟಿದ್ದೇನಮ್ಮ, ನಿನಗೆ ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಅಂದ. ಅಂಗಡಿಗೆ ಕರೆದುಕೊಂಡು ಬಾ ಅಂದೆ. ಬಂದರು. ಕವರಿನವನ ಕೈಯಲ್ಲಿ ಅಳತೆಯ ಟೇಪು. ಕಿರಿಯನೂ ಮಗಳೂ ಸುದ್ದಿ ತಿಳಿದು ಓಡಿಬಂದರು. ನಾನು ಸ್ಟೂಲಿನ ಮೇಲೆ, ಕುತ್ತಿಗೆಗೆ ಶಾಲು.

"ಅಳೆಯೋದು ಆಮೇಲೆ" ಅಂದೆ. ಉದ್ದನೆ ಕೋಲು ತೆಗೆದುಕೊಂಡು ಆ ತುದಿಯ ಕೊಡೆ ಮುಟ್ಟಿದೆ. "ಇದು ಡ್ರೈವಿಂಗ್ ಸ್ಕೂಲಿನವಳದ್ದು, ಕಾರಿನ ಬಾಗಿಲಿಗೆ ಸಿಕ್ಕಿಸಿಕೊಂಡಿದ್ದು. ಇದು ಪೇಪರ್ ಹಾಕೋನ ಅಪ್ಪಂದು. ಇದು ಬ್ಯಾಂಕ್ ಮ್ಯಾನೇಜರದ್ದು, ಪಾಪ, ಆವತ್ತಿಂದ ಈ ಕಡೆ ತಲೆ ಹಾಕಿಲ್ಲ. ಇದು ಜಗಳಗಂಟಿ ಟೈಪಿಸ್ಟ್‌ದು, ಗಂಡನ ಬೆನ್ನ ಮೇಲೆ ಮುರಿದಿರ್ಬೇಕು..."

ಸಾಲು ಮುಗಿಯುವ ಹೊತ್ತಿಗೆ ರಸ್ತೆಯಲ್ಲಿ ಜನ ನಿಂತಿದ್ದರು. ಹಸಿರು ಹಿಡಿಯದ್ದನ್ನು ಇಳಿಸಿ ಕವರಿನವನ ಕೈಗಿಟ್ಟೆ. "ಇದು ನಿಂದು. ಮಾರ್ಚಿನಲ್ಲಿ ಕೊಟ್ಟು ಮರೆತಿದ್ದೀಯ. ಈ ವಯಸ್ಸಿಗೇ ಮರೆವಾ ಮಗನೇ? ಒಳ್ಳೇ ಡಾಕ್ಟರಮ್ಮ ಇದ್ದಾರೆ, ವಿಳಾಸ ಕೊಡ್ತೀನಿ."

ಅವನೂ ನಕ್ಕುಬಿಟ್ಟ. ಟೇಪು ಜೇಬಿಗೆ ಹಾಕಿಕೊಂಡ.

ಒಂದು ಕೊಡೆ ಉಳಿಯಿತು. ಕಂದು ಬಣ್ಣದ್ದು. ನೋಡಿದೆ, ನೋಡಿದೆ. ಏನೂ ಬರಲಿಲ್ಲ. ಹಿರಿಯ ನೋಡುತ್ತಿದ್ದ.

"ಅದು ನಿಮಗೆ ಗೊತ್ತಿರಲ್ಲ ಅತ್ತೆ" ಅಂದಳು ಸೊಸೆ ಹಿಂದಿನಿಂದ. "ಸಂಗೀತದ ಮೇಷ್ಟ್ರದ್ದು. ನೀವು ಆಸ್ಪತ್ರೇಲಿದ್ದಾಗ ಬಂದದ್ದು. ನೆತ್ತಿಯ ತಂತಿ ಬಿಗಿದಿದೀನಿ, ನೋಡಿ."

ನೋಡಿದೆ. ಬಿಗಿಯಾಗಿತ್ತು.

ಹಿರಿಯ ಕವರಿನವನ ಹೆಗಲ ಮೇಲೆ ಕೈ ಹಾಕಿದ. "ಬೇರೆ ಅಂಗಡಿ ಹುಡುಕೋಣ ಬಾ, ನಾನೇ ಬರ್ತೀನಿ." ಹೋಗುವಾಗ ಎಂಡೋಕ್ರೈನಾಲಜಿಸ್ಟ್ ರಟ್ಟನ್ನು ಇಳಿಸಲು ಕೈ ಎತ್ತಿದ.

"ಇರ್ಲಿ ಬಿಡು" ಅಂದೆ. "ಇನ್ಯಾರಿಗಾದ್ರೂ ಬೇಕಾಗುತ್ತೆ."

ಜೂನ್ 9

ಈಗ ನೀನು. ಹೌದು, ನೀನೇ, ಓದುತ್ತಿರುವವಳು.

ಎಣ್ಣೆ ಗುರುತು ಬೀಳದ ಹಾಗೆ ಓದುವುದನ್ನು ಕಲಿತಿದ್ದೀಯ, ಮೆಚ್ಚಿದೆ. ಆದರೆ ನಿನ್ನೆಯೂ ಪುಸ್ತಕ ದಿಂಬಿನ ಬಲಗಡೆ ಇತ್ತು. ನನ್ನ ತಲೆಯ ಮಂಜು ಸರಿದಿದೆ ಎನ್ನುವುದನ್ನು ಮರೆಯಬೇಡ.

ಬಾಯಿಬಿಟ್ಟು ಕೇಳಿದರೆ ನೀನು "ಅವರನ್ನ ಕೇಳಿ ಹೇಳ್ತೀನಿ ಅತ್ತೆ" ಅನ್ನುತ್ತೀಯ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನನ್ನನ್ನು ಪಾಲು ಮಾಡಿಕೊಂಡಿದ್ದು ಸಾಕು, ಈಗ ಅಂಗಡಿಯನ್ನು ಪಾಲು ಮಾಡುವವಳು ನಾನು. ಅರ್ಧ ನಿನ್ನದು. ಊಟದ ಡಬ್ಬಿ ಹೊತ್ತುಕೊಂಡು ಬಂದು ಹೋಗುವವಳ ಹಾಗಲ್ಲ, ಬೀಗ ತೆಗೆಯುವವಳ ಹಾಗೆ ಬಾ. ಒಲೆ ನಿನ್ನ ಗಂಡ ಹಚ್ಚಲಿ, ಅಡುಗೆಕಟ್ಟೆಯೂ ಒಂದು ಕೌಂಟರೇ, ಅವನಿಗೆ ಹೊಸದಲ್ಲ. ಕೊಡೆಗೆ ದಾರ ಕಟ್ಟು. ಕೆಂಪು, ನೀಲಿ, ನಿನಗೆ ಬೇಕಾದ ಬಣ್ಣ. ಕತ್ತರಿ ನಿನ್ನ ಡ್ರಾಯರಿನಲ್ಲೇ ಇಟ್ಟಿದ್ದೇನೆ.

ಮುಂಗಾರಿನ ಮೊದಲ ಮಳೆ ಬಂತು, ಗಿರಾಕಿ ಸಾಲು ನಿಂತಿದ್ದಾರೆ. ಕಾಯಲು ನನಗೆ ಪುರುಸೊತ್ತಿಲ್ಲ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬೇಕು. ಬಾಯಲ್ಲಿ ಬೇಡ. ಇಲ್ಲೇ, ಈ ಸಾಲಿನ ಕೆಳಗೆ ಬರೆ. ಕೈ ತೊಳೆದುಕೊಂಡು —